ಟರ್ಬೊ ಗಾಡಿಯ ನಾಕಿಂಗ್: ಮ್ಯಾಪ್ ಬದಲಿಸಿಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಗ್ಯಾರೇಜುಗಳಲ್ಲಿ ನಾಕಿಂಗ್ ಎಂಬುದು ಎಲ್ಲ ಸದ್ದಿಗೂ ಇಟ್ಟ ಹೆಸರಾಗಿಬಿಟ್ಟಿದೆ. ಬೇರಿಂಗ್ ಸವೆದರೂ ನಾಕಿಂಗ್, ಮೂರನೇ ಗೇರಿನಲ್ಲಿ ಹೊರಡಲು ಹೋಗಿ ಗಾಡಿ ಏದುಸಿರು ಬಿಟ್ಟರೂ ನಾಕಿಂಗ್. ಸಾಮಾನ್ಯ ಗಾಡಿಯಲ್ಲಿ ಈ ಸಡಿಲ ಮಾತಿನಿಂದ ದೊಡ್ಡ ನಷ್ಟವೇನಿಲ್ಲ. ರೀಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನಲ್ಲಿ (ಇಸಿಯು) ಇಂಧನ, ಕಿಡಿ, ಟರ್ಬೊ ಒತ್ತಡಗಳ ಲೆಕ್ಕವಾದ ಮ್ಯಾಪನ್ನು ಬದಲಿಸಿದ, ಟರ್ಬೊ ಪೆಟ್ರೋಲ್ ಗಾಡಿಯಲ್ಲಿ ಅದೇ ಮಾತು ಒಂದು ಪಿಸ್ಟನ್‌ನ ಬೆಲೆಗೆ ಬೀಳುತ್ತದೆ. ನನ್ನದು 1.2 ಟಿಎಸ್‌ಐ ಪೋಲೊ, ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಅದರವು. ಬೇರೆ ಗಾಡಿಯವರು ಅಂಕಿಗಳನ್ನು ತಮ್ಮ ಎಂಜಿನ್‌ಗೆ ಹೊಂದಿಸಿಕೊಳ್ಳಬೇಕು. ಪತ್ತೆ ಮಾಡುವ ದಾರಿ ಎಲ್ಲರಿಗೂ ಒಂದೇ.

ಗುಡ್ಡ ಹತ್ತುವಾಗ ಕಟಕಟ ಸದ್ದು ಶುರುವಾಗಿದೆ. ಈಗಲೇ ಏನು ಮಾಡಲಿ?

ಆಕ್ಸಿಲರೇಟರ್‌ನಿಂದ ಕಾಲು ಸಡಿಲಿಸಿ, ಒಂದು ಗೇರ್ ಕೆಳಗಿಳಿಸಿ. ಎಂಜಿನ್ 3,000 ಸುತ್ತಿನ ಆಸುಪಾಸಿನಲ್ಲಿ ಹಗುರಾಗಿ ಓಡಲಿ. ಕಾಲು ಸಡಿಲಿಸಿದ ಕೂಡಲೇ ಸದ್ದು ನಿಂತರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರದಂತೆ ನಿಧಾನವಾಗಿ ಮನೆ ಸೇರಬಹುದು. ಐಡ್ಲಿಂಗ್‌ನಲ್ಲೂ ಸದ್ದು ಉಳಿದರೆ, ಅಥವಾ ಆಯಿಲ್ ದೀಪ ಹತ್ತಿದರೆ, ಎಂಜಿನ್ ಆರಿಸಿ, ಡಿಪ್‌ಸ್ಟಿಕ್ ನೋಡಿ, ಟೋಯಿಂಗ್ ಗಾಡಿಗೆ ಫೋನ್ ಮಾಡಿ. "ಇನ್ನು ಹತ್ತೇ ಕಿಲೋಮೀಟರ್" ಎಂಬ ಆಸೆಗೆ ಬಿದ್ದವರ ಕ್ರ್ಯಾಂಕ್‌ಶಾಫ್ಟ್‌ಗಳನ್ನು ನಾನು ನೋಡಿದ್ದೇನೆ.

ನಾಕಿಂಗ್ ಎಂದರೆ ನಿಜವಾಗಿ ಏನು?

ಹುಲ್ಲಿನ ಬಣವೆಯ ಒಂದು ಮೂಲೆಗೆ ಬೆಂಕಿ ಹಚ್ಚಿದಿರಿ ಎನ್ನಿ. ಉರಿ ಆ ಮೂಲೆಯಿಂದ ಈ ಮೂಲೆಗೆ ಹಬ್ಬಿಕೊಂಡು ಬರಬೇಕು. ಅದು ತಲುಪುವ ಮೊದಲೇ ಈಚೆ ಮೂಲೆಯ ಹುಲ್ಲು ಕಾವಿಗೆ ತಾನಾಗಿಯೇ ಭಗ್ಗೆಂದರೆ? ಸಿಲಿಂಡರಿನಲ್ಲಿ ಆಗುವುದು ಅದೇ. ಪ್ಲಗ್ ಕಿಡಿಯಿಂದ ಹೊರಟ ಜ್ವಾಲೆ ಸಾಗುತ್ತಿರುವಾಗ ಕೊನೆಯಲ್ಲಿ ಉಳಿದ ಮಿಶ್ರಣ ಒತ್ತಡ ಮತ್ತು ಶಾಖಕ್ಕೆ ಒಮ್ಮೆಲೇ ಉರಿಯುತ್ತದೆ. ಅದರಿಂದ ಹುಟ್ಟಿದ ಒತ್ತಡದ ಅಲೆ ಗೋಡೆಯಿಂದ ಗೋಡೆಗೆ ಬಡಿದು ಸಿಲಿಂಡರ್ ಗಂಟೆಯಂತೆ ಮಿಡಿಯುತ್ತದೆ.

ಗಂಟೆಯ ಗಾತ್ರದಂತೆ ಅದರ ನಾದ. 900ನ್ನು ಪೈ ಮತ್ತು ಬೋರ್‌ನ (ಸಿಲಿಂಡರಿನ ಒಳ ಅಗಲ) ತ್ರಿಜ್ಯದ ಗುಣಲಬ್ಧದಿಂದ ಭಾಗಿಸಿದರೆ, ತ್ರಿಜ್ಯ ಮಿಲಿಮೀಟರಿನಲ್ಲಿದ್ದಾಗ, ಉತ್ತರ ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ನನ್ನ ಎಂಜಿನ್‌ನ ಬೋರ್ 71 ಮಿಲಿಮೀಟರ್, ನಾದ ಸುಮಾರು 8 ಕಿಲೋಹರ್ಟ್ಸ್. ಆಕ್ಟೇವಿಯಾದ 2.0 ಟಿಎಸ್‌ಐನಲ್ಲಿ ಬೋರ್ 82.5, ನಾದ 7ರ ಹತ್ತಿರ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಟರ್ಬೊ ಗಾಡಿಗೆ ಈ ಕಾಟ ಹೆಚ್ಚು ಏಕೆಂದರೆ ಟರ್ಬೊ ಗಾಳಿಯನ್ನು ಒತ್ತುವುದರ ಜೊತೆಗೆ ಕಾಯಿಸಿಯೂ ಕಳಿಸುತ್ತದೆ. ರೀಮ್ಯಾಪ್ ಮಾಡುವವನು ಬೂಸ್ಟ್ ಏರಿಸುತ್ತಾನೆ, ಕಿಡಿಯನ್ನೂ ಮುಂಚಿತಗೊಳಿಸುತ್ತಾನೆ. ಕಂಪನಿ ಬಿಟ್ಟಿದ್ದ ಅಂತರವನ್ನು ಎರಡೂ ಕಡೆಯಿಂದ ತಿಂದ ಹಾಗಾಯಿತು.

ಕೇಳಿಸಿದ್ದೆಲ್ಲ ನಾಕಿಂಗೇ?

ಖಂಡಿತ ಅಲ್ಲ. ಕೇಳಿದ ಹತ್ತು ಜನರಲ್ಲಿ ಐದಾರು ಜನರ ಗಾಡಿಯಲ್ಲಿ ಬೇರೇನೋ ಇರುತ್ತದೆ.

ನಿಜವಾದ ನಾಕಿಂಗ್ ಭಾರ ಬಿದ್ದಾಗ ಮಾತ್ರ ಬರುತ್ತದೆ. ತಗಡಿನ ಡಬ್ಬಿಯಲ್ಲಿ ಒಣ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ ತೆಳುವಾದ, ಚೂಪಾದ ಕಿಣಿಕಿಣಿ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೆ ಬರುವುದಿಲ್ಲ. ಕಿಟಕಿ ಇಳಿಸಿ ಒಂದು ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಹೋದರೆ ಗೋಡೆ ಸದ್ದನ್ನು ಹಿಂದಕ್ಕೆ ಕೊಡುತ್ತದೆ, ಸ್ಪಷ್ಟವಾಗಿ ಕೇಳುತ್ತದೆ.

ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸವೆದ ಸದ್ದು ದಪ್ಪ. ಒನಕೆ ಪೆಟ್ಟಿನಂತೆ ದುಬು ದುಬು. ಅದು ಆರ್‌ಪಿಎಂ ಜೊತೆ ನಡೆಯುತ್ತದೆ, ನ್ಯೂಟ್ರಲ್‌ನಲ್ಲೂ ಇರುತ್ತದೆ, ಆಯಿಲ್ ಕಾದಷ್ಟೂ ಹೆಚ್ಚುತ್ತದೆ. ಎಂಜಿನ್ ಆರಿಸಿ ಒಂದು ಸಿಲಿಂಡರಿನ ಕಾಯಿಲ್ ಮತ್ತು ಇಂಜೆಕ್ಟರ್ ಎರಡರ ಕನೆಕ್ಟರನ್ನೂ ಬಿಚ್ಚಿ, ಮತ್ತೆ ಚಾಲೂ ಮಾಡಿ ಕೆಲವು ಸೆಕೆಂಡು ಕೇಳಿ. ಸದ್ದು ತಗ್ಗಿದರೆ ತೊಂದರೆ ಆ ಸಿಲಿಂಡರಿನ ಬುಡದಲ್ಲಿದೆ. ಕಾಯಿಲ್ ಒಂದನ್ನೇ ಬಿಚ್ಚಿದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ, ಅದಕ್ಕೇ ಎರಡೂ.

ಟರ್ಬೊದ ವೇಸ್ಟ್‌ಗೇಟ್ ಕವಾಟದ (ಹೆಚ್ಚಾದ ಎಗ್ಸಾಸ್ಟ್ ಅನಿಲವನ್ನು ಪಕ್ಕಕ್ಕೆ ಬಿಟ್ಟು ಬೂಸ್ಟನ್ನು ಹಿಡಿತದಲ್ಲಿಡುವ ಬಾಗಿಲು) ಅಕ್ಷ ಸವೆದಾಗ ಬರುವ ಜರಜರ ಜನರನ್ನು ಬಹಳ ಹೆದರಿಸುತ್ತದೆ. ಅದು ಹಗುರಾಗಿ ಓಡಿಸುವಾಗ, ಕಾಲು ಎತ್ತಿದ ಕ್ಷಣದಲ್ಲಿ ಜೋರು. ಬೂಸ್ಟ್ ಏರಿ ಕವಾಟ ಬಿಗಿಯಾಗಿ ಮುಚ್ಚಿಕೊಂಡರೆ ಮಾಯ. ನಾಕಿಂಗ್‌ನ ನಡತೆ ಇದಕ್ಕೆ ತದ್ವಿರುದ್ಧ, ಹಾಗಾಗಿ ಇವೆರಡನ್ನು ಬೇರೆ ಮಾಡುವುದು ಸುಲಭ. ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಎಗ್ಸಾಸ್ಟ್ ಕೊಳವೆ) ಹಾಕಿಸುವಾಗ ಕಿತ್ತು ಮರಳಿ ಸರಿಯಾಗಿ ಬಿಗಿಯದ ಹೀಟ್ ಶೀಲ್ಡ್ ಒಂದು ನಿಶ್ಚಿತ ಆರ್‌ಪಿಎಂನಲ್ಲಿ ಮಾತ್ರ ಗುಯ್‌ಗುಡುತ್ತದೆ. ಬೆಳಿಗ್ಗೆ ಚಾಲೂ ಮಾಡಿದಾಗ ಎರಡು ಮೂರು ಸೆಕೆಂಡಿನ ಗರಗರ ಟೈಮಿಂಗ್ ಚೈನ್ ಸಡಿಲವಾಗಿರುವುದರ ಸೂಚನೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನ ಐಡ್ಲಿಂಗ್ ಟಿಕ್‌ಟಿಕ್ ಇಂಜೆಕ್ಟರ್ ಮತ್ತು ಹೈ ಪ್ರೆಷರ್ ಪಂಪಿನ ಸಹಜ ಸದ್ದು, ಅದಕ್ಕೆ ದುಡ್ಡು ಸುರಿಯಬೇಡಿ.

ಸದ್ದೇ ಇಲ್ಲ. ಹಾಗಾದರೆ ನಾನು ಸುರಕ್ಷಿತ ತಾನೇ?

ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮ್ಯಾಪ್ ಹಾಕಿಸಿ ಮೂರು ತಿಂಗಳಾಗಿತ್ತು. ಗಾಡಿ ಹಾರುತ್ತಿತ್ತು, ಒಂದು ದಿನವೂ ಕಿಣಿ ಎಂದಿರಲಿಲ್ಲ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಕಾಫಿಗೆ ನಿಂತಾಗ ಐಡ್ಲಿಂಗ್‌ನಲ್ಲಿ ಸ್ಟೀರಿಂಗ್ ನಡುಗುತ್ತಿತ್ತು. ಮುಂದಿನ ವಾರ ಆಯಿಲ್ ಕಡಿಮೆಯಾಯಿತು, ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂತು. ಎಂಜಿನ್ ಬಿಚ್ಚಿದರೆ ಮೂರನೇ ಪಿಸ್ಟನ್‌ನಲ್ಲಿ ಮೊದಲ ಮತ್ತು ಎರಡನೇ ರಿಂಗಿನ ನಡುವಿನ ದಂಡೆ ಬೆರಳಿನ ಉಗುರಿನಷ್ಟು ಮುರಿದು ಬಿದ್ದಿತ್ತು.

ನನ್ನ ನಾಚಿಕೆಗೆ ಕಾರಣ ಬೇರೆ. ಮ್ಯಾಪ್ ಹಾಕಿದ ದಿನವೇ ಅಂಗಡಿಯವನು ಲಾಗ್ ಫೈಲ್ (ಗಾಡಿ ಓಡುವಾಗ ಇಸಿಯುದಿಂದ ದಾಖಲಿಸಿದ ಅಂಕಿಗಳು) ಮೇಲ್ ಮಾಡಿದ್ದ. ಅವನೂ ಓದಿರಲಿಲ್ಲ, ನಾನೂ ತೆರೆದಿರಲಿಲ್ಲ. ಪಿಸ್ಟನ್ ಹೋದ ಮೇಲೆ ತೆರೆದೆ. 3,050 ಆರ್‌ಪಿಎಂ ಸಾಲಿನಲ್ಲಿ ಇಸಿಯು ಕಿಡಿಯನ್ನು ಹಿಂದಕ್ಕೆಳೆದ ಅಂಕಿಗಳು, ಕ್ರ್ಯಾಂಕ್‌ಶಾಫ್ಟ್ ತಿರುಗುವ ಡಿಗ್ರಿಯಲ್ಲಿ, ಹೀಗಿದ್ದವು: ಮೊದಲ ಸಿಲಿಂಡರ್ 0, ಎರಡನೆಯದು 1.5, ಮೂರನೆಯದು 7.5, ನಾಲ್ಕನೆಯದು 0.75 ಡಿಗ್ರಿ. ಮೂರನೇ ಸಿಲಿಂಡರ್ ಮೊದಲ ದಿನದಿಂದ ಕೂಗಿಕೊಳ್ಳುತ್ತಿತ್ತು. ಗಾಜು ಏರಿಸಿಕೊಂಡು ಹಾಡು ಕೇಳುತ್ತಿದ್ದ ನನ್ನ ಕಿವಿಗೆ ಅದು ತಲುಪುವ ಹಾಗಿರಲಿಲ್ಲ. 4,000 ಸುತ್ತು ದಾಟಿದ ಮೇಲೆ ಟೈರ್, ಗಾಳಿ, ಎಗ್ಸಾಸ್ಟ್‌ಗಳ ಗದ್ದಲದಲ್ಲಿ ಯಾರ ಕಿವಿಗೂ ತಲುಪುವುದಿಲ್ಲ.

ಲಾಗ್ ತೆಗೆಯುವುದು ಹೇಗೆ?

ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಿಗೆ ವಿಸಿಡಿಎಸ್ ಕೇಬಲ್ ಅಥವಾ ಒಬಿಡಿ ಇಲೆವೆನ್ ಎಂಬ ಸ್ಕ್ಯಾನರ್ ಸಾಕು. ಐನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ಒಟ್ಟಾರೆ ಇಗ್ನಿಷನ್ ಟೈಮಿಂಗ್ ತೋರಿಸುತ್ತದೆ, ಆದರೆ ಪ್ರತಿ ಸಿಲಿಂಡರಿನ ಹಿಂಜರಿಕೆಯನ್ನು (ಇಸಿಯು ಕಿಡಿಯನ್ನು ಎಷ್ಟು ಹಿಂದಕ್ಕೆಳೆಯಿತು ಎಂಬುದನ್ನು) ಬೇರೆ ಬೇರೆಯಾಗಿ ತೋರಿಸುವುದಿಲ್ಲ. ನಮಗೆ ಬೇಕಾದದ್ದೇ ಅದು.

ಸಾಲುಗಳನ್ನು ಕಡಿಮೆ ಇಟ್ಟುಕೊಳ್ಳಿ. ಹೆಚ್ಚು ಸಾಲು ಆರಿಸಿದಷ್ಟೂ ಸೆಕೆಂಡಿಗೆ ಸಿಗುವ ಓದು ಕಡಿಮೆ, ನಡುವೆ ಬಂದ ನಾಕ್ ಜಾರಿಹೋಗುತ್ತದೆ. ಮೊದಲ ಓಟಕ್ಕೆ ಆರ್‌ಪಿಎಂ, ಪ್ರತಿ ಸಿಲಿಂಡರಿನ ಟೈಮಿಂಗ್ ಹಿಂಜರಿಕೆ, ಮ್ಯಾನಿಫೋಲ್ಡ್‌ನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಗಾಳಿಯ ಬಿಸಿ. ಎರಡನೆಯದಕ್ಕೆ ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್. ಮೂರನೆಯದಕ್ಕೆ ಲ್ಯಾಂಬ್ಡಾ (ಗಾಳಿ ಮತ್ತು ಇಂಧನದ ಪ್ರಮಾಣ) ಮತ್ತು ಫ್ಯೂಯಲ್ ರೈಲ್‌ನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡ.

ಎಂಜಿನ್ ಪೂರ್ತಿ ಕಾದಿರಬೇಕು. ನೀರು ಕಾದರೆ ಸಾಲದು, ಆಯಿಲ್ ಕೂಡ ಕಾಯಬೇಕು, ಅದಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು. ಮೂರನೇ ಗೇರ್, 2,000 ಸುತ್ತಿನಿಂದ ಪೂರ್ತಿ ಒತ್ತಿ 4,500ರಲ್ಲಿ ಬಿಡಿ. ಆಟೊಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್‌ನಲ್ಲಿ ಗೇರ್ ಹಿಡಿದಿಡಿ. ಪೆಡಲಿನ ತುದಿಯ ಕಿಕ್‌ಡೌನ್ ಗುಂಡಿ ಒತ್ತಿದರೆ ಗೇರ್ ಇಳಿದು ಲಾಗ್ ಹಾಳಾಗುತ್ತದೆ. ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಸಿಕ್ಕರೆ ಅದೇ ಒಳ್ಳೆಯದು. ರಸ್ತೆಯಲ್ಲಾದರೆ ಖಾಲಿ ರಸ್ತೆ, ವೇಗದ ಮಿತಿಯೊಳಗೆ. ಲ್ಯಾಪ್‌ಟಾಪ್ ಪಕ್ಕದಲ್ಲಿ ಕುಳಿತವರ ತೊಡೆಯ ಮೇಲಿರಲಿ, ನಿಮ್ಮದರ ಮೇಲಲ್ಲ.

ಒಂದು ಓಟದಿಂದ ಏನನ್ನೂ ನಿರ್ಧರಿಸಬೇಡಿ. ಅದೇ ರಸ್ತೆ, ಅದೇ ಗೇರ್, ಅದೇ ದಿಕ್ಕಿನಲ್ಲಿ ಮೂರು ಓಟ ಮಾಡಿ. ಬೆಂಗಳೂರಿನ ಬೆಳಗಿನ ಐದೂವರೆಯ ಚಳಿಯಲ್ಲಿ ತೆಗೆದ ಲಾಗ್ ಸದಾ ಸುಂದರವಾಗಿರುತ್ತದೆ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ತೆವಳಿ ಬಂದ ಮೇಲೆ ತೆಗೆದದ್ದನ್ನೂ ಇಟ್ಟುಕೊಳ್ಳಿ. ಗಾಡಿ ಬದುಕಬೇಕಾದದ್ದು ಎರಡನೆಯ ಲೋಕದಲ್ಲಿ.

ಎಷ್ಟು ಡಿಗ್ರಿಯವರೆಗೆ ಪರವಾಗಿಲ್ಲ?

ಒಂದೆರಡು ಡಿಗ್ರಿ ಅಲ್ಲಲ್ಲಿ ಬಂದು ಹೋದರೆ ಚಿಂತೆಯಿಲ್ಲ. ಇಂದಿನ ಇಸಿಯು ನಾಕಿಂಗ್‌ನ ಹೊಸ್ತಿಲಿನವರೆಗೆ ಬೇಕೆಂದೇ ಹೋಗಿ ಬರುತ್ತದೆ, ಇಂಧನ ಉಳಿಸುವುದು ಹಾಗೆಯೇ. ಮೂರು ಡಿಗ್ರಿ ದಾಟಿದ್ದು ಪ್ರತಿ ಓಟದಲ್ಲೂ ಅದೇ ಆರ್‌ಪಿಎಂನಲ್ಲಿ ಕಂಡರೆ ಕಾರಣ ಹುಡುಕುತ್ತೇನೆ. ಐದಾರು ದಾಟಿದರೆ ಆ ಮ್ಯಾಪ್‌ನಲ್ಲಿ ಕಾಲು ಒತ್ತುವುದನ್ನೇ ನಿಲ್ಲಿಸುತ್ತೇನೆ. ಇವು ನನ್ನ ಗೆರೆಗಳು, ಕಂಪನಿಯ ಕೈಪಿಡಿಯವಲ್ಲ.

ಅಂಕಿಗಿಂತ ಅದರ ಆಕಾರ ಹೆಚ್ಚು ಹೇಳುತ್ತದೆ. ಎಲ್ಲ ಸಿಲಿಂಡರುಗಳೂ ಒಟ್ಟಿಗೆ ಹಿಂಜರಿದರೆ ಕಾರಣವೂ ಎಲ್ಲಕ್ಕೂ ಸಾಮಾನ್ಯವಾದದ್ದು: ಪೆಟ್ರೋಲ್, ಗಾಳಿಯ ಬಿಸಿ, ಅಥವಾ ದುರಾಸೆಯ ಮ್ಯಾಪ್. ಒಂದೇ ಸಿಲಿಂಡರ್ ಹಿಂಜರಿದರೆ ಆ ಸಿಲಿಂಡರಿನ ಪ್ಲಗ್, ಇಂಜೆಕ್ಟರ್, ಕವಾಟದ ಮೇಲಿನ ಕಾರ್ಬನ್ ನೋಡಿ. ಪ್ಲಗ್ ಮತ್ತು ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ಮತ್ತೆ ಲಾಗ್ ತೆಗೆದರೆ, ತೊಂದರೆ ಜೊತೆಯಲ್ಲಿ ನಡೆದುಹೋಯಿತೇ ಇಲ್ಲವೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮೊದಲ ಓಟ ಚೆನ್ನಾಗಿದ್ದು ಮೂರನೆಯದು ಕೆಟ್ಟರೆ ಬಿಸಿಯೇ ಅಪರಾಧಿ. ಬೂಸ್ಟ್ ಕೇಳಿದ್ದಕ್ಕಿಂತ ಮೇಲೆ ಹಾರಿದ ಕ್ಷಣದಲ್ಲೇ ಹಿಂಜರಿಕೆ ಬಂದರೆ ವೇಸ್ಟ್‌ಗೇಟ್ ನಿಯಂತ್ರಣ ನೋಡಿ. ರೈಲ್ ಒತ್ತಡ ಕುಸಿದು ಲ್ಯಾಂಬ್ಡಾದಲ್ಲಿ ಮಿಶ್ರಣ ತೆಳುವಾಗುತ್ತಿದ್ದರೆ, ಅಂದರೆ ಪೆಟ್ರೋಲ್ ಸಾಲದಿದ್ದರೆ, ಗಾಡಿಯ ಇಂಧನ ಪಂಪಿನ ಶಕ್ತಿ ಮುಗಿದಿದೆ, ಪಿ0087 ಎಂಬ ದೋಷದ ಕೋಡ್ ಕೂಡ ಬಂದಿರಬಹುದು.

ನಾಕ್ ಸೆನ್ಸರ್ ಸುಳ್ಳು ಹೇಳುತ್ತಿರಬಹುದೇ?

ಹೇಳುತ್ತದೆ, ಮಾರ್ಪಾಡು ಮಾಡಿದ ಗಾಡಿಯಲ್ಲಿ ಇನ್ನೂ ಹೆಚ್ಚು. ಅದು ಬ್ಲಾಕ್‌ಗೆ ಬಿಗಿದ ಪೀಜೊ ಹರಳು, ಬ್ಲಾಕಿನ ಕಂಪನವನ್ನು ವೋಲ್ಟೇಜ್ ಮಾಡಿ ಕಳಿಸುತ್ತದೆ. ಪ್ರತಿ ಸಿಲಿಂಡರ್ ಉರಿದ ಮೇಲೆ ಸ್ವಲ್ಪ ಹೊತ್ತಿನ ಕಿಟಕಿ ತೆರೆದು, ಮೊದಲು ಹೇಳಿದ 7–8 ಕಿಲೋಹರ್ಟ್ಸ್ ಆಸುಪಾಸನ್ನು ಮಾತ್ರ ಸೋಸಿ ಇಸಿಯು ಕೇಳಿಸಿಕೊಳ್ಳುತ್ತದೆ. ಆ ಹೊತ್ತಿಗೆ ಆ ನಾದದಲ್ಲಿ ಯಾವುದು ಬಡಿದರೂ ಅದಕ್ಕೆ ನಾಕ್‌ನಂತೆಯೇ ಕಾಣುತ್ತದೆ. ಗಟ್ಟಿ ಎಂಜಿನ್ ಮೌಂಟ್, ಬ್ಲಾಕಿಗೆ ತಾಗುತ್ತಿರುವ ಹೊಸ ಡೌನ್‌ಪೈಪ್, ಸಡಿಲ ಬ್ರಾಕೆಟ್, ತಣ್ಣಗಿದ್ದಾಗ ಸಿಲಿಂಡರಿನಲ್ಲಿ ಓಲಾಡುವ ಫೋರ್ಜ್ಡ್ (ಬಡಿದು ಮಾಡಿದ ಗಟ್ಟಿ) ಪಿಸ್ಟನ್, ಎಲ್ಲವೂ ಅನುಮಾನಿತರು.

ನಿಜ ಸುಳ್ಳು ತಿಳಿಯಲು ನಂಬಿಕೆಯ ಪರೀಕ್ಷೆ ಒಂದಿದೆ. ಟ್ಯಾಂಕ್ ಬಹುತೇಕ ಖಾಲಿಯಾದ ಮೇಲೆ ಹೆಚ್ಚಿನ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲ್ ತುಂಬಿ, ಐವತ್ತು ಕಿಲೋಮೀಟರ್ ಓಡಿಸಿ, ಅದೇ ಓಟ ಮಾಡಿ. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ತಂದ 100 ಆಕ್ಟೇನ್‌ನ ಎಕ್ಸ್‌ಪಿ100 ಇದಕ್ಕೆ ಸೊಗಸಾದ ಸಾಧನ. ಬೆಲೆ ನೋಡಿ ಎದೆ ಹೊಡೆದುಕೊಳ್ಳಬೇಡಿ, ಇದು ಪರೀಕ್ಷೆಯ ಖರ್ಚು. ನಾಕಿಂಗ್ ನಿಜವಾಗಿದ್ದರೆ ಹಿಂಜರಿಕೆ ಇಳಿಯಲೇಬೇಕು. ಒಂದಿಷ್ಟೂ ಅಲುಗದಿದ್ದರೆ, ಮ್ಯಾಪ್‌ನಲ್ಲಿ ಮೂರು ಡಿಗ್ರಿ ಟೈಮಿಂಗ್ ತೆಗೆದರೂ ಅಲುಗದಿದ್ದರೆ, ಸೆನ್ಸರ್ ಕೇಳುತ್ತಿರುವುದು ಕಬ್ಬಿಣದ ಸದ್ದು.

ಸೆನ್ಸರ್ ಬೋಲ್ಟನ್ನು ಟಾರ್ಕ್ ವ್ರೆಂಚಿನಿಂದಲೇ ಬಿಗಿಯಬೇಕು. ಈ ಎಂಜಿನ್‌ಗಳಲ್ಲಿ 20 ನ್ಯೂಟನ್ ಮೀಟರ್. ಹೆಚ್ಚಾದರೂ ಕಡಿಮೆಯಾದರೂ ಅದರ ಕಿವಿ ಕೆಡುತ್ತದೆ. ಅಡಿಯಲ್ಲಿ ವಾಷರ್, ಬಣ್ಣ, ಆಯಿಲ್ ಜಿಡ್ಡು ಇರಬಾರದು. ಪಿ0325, ಪಿ0327, ಪಿ0328 ಬಂದಿದ್ದರೆ ಸೆನ್ಸರ್, ಅದರ ತಂತಿ, ಕನೆಕ್ಟರ್ ನೋಡಿ.

ಕಿವಿಯಿಂದಲೇ ಖಚಿತಪಡಿಸಿಕೊಳ್ಳಲು ಸಾಧ್ಯವಿಲ್ಲವೇ?

ಸಾಧ್ಯ, ಬರಿಗಿವಿಯಿಂದ ಅಲ್ಲ. ಗೇಣುದ್ದದ ತಾಮ್ರದ ಕೊಳವೆ ತೆಗೆದುಕೊಂಡು ಒಂದು ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ರಂಧ್ರ ಕೊರೆಯಿರಿ. ಬ್ಲಾಕಿನಲ್ಲಿ ಖಾಲಿ ಇರುವ ಬೋಲ್ಟ್ ರಂಧ್ರಕ್ಕೆ ಬಿಗಿಯಿರಿ, ನಾಕ್ ಸೆನ್ಸರಿನ ಬೋಲ್ಟನ್ನು ಮಾತ್ರ ಮುಟ್ಟಬೇಡಿ. ಇನ್ನೊಂದು ತುದಿಗೆ ರಬ್ಬರ್ ಹೋಸ್ ಸಿಕ್ಕಿಸಿ, ಬೆಲ್ಟ್ ಮತ್ತು ಫ್ಯಾನಿನಿಂದ ದೂರವಾಗಿ ಕ್ಯಾಬಿನ್ನಿಗೆ ತಂದು, ಕಾರ್ಖಾನೆಯವರು ಕಿವಿಗೆ ಹಾಕಿಕೊಳ್ಳುವ ಮಫ್‌ಗೆ ಜೋಡಿಸಿ. ಮೊದಲ ಬಾರಿ ಎಲ್ಲ ಸದ್ದೂ ಭೀಕರವಾಗಿ ಕೇಳುತ್ತದೆ. ಅರ್ಧ ದಿನ ಬರಿದೇ ಕೇಳಿ ಅಭ್ಯಾಸವಾದ ಮೇಲೆ, ನಾಕ್ ಬಂದಾಗ ಹುರಿಯುವ ಬಾಣಲೆಯಿಂದ ಸಾಸಿವೆ ಸಿಡಿದಂತೆ ಬೇರೆಯಾಗಿ ಕೇಳುತ್ತದೆ. ಕೇಳುವವರು ಪಕ್ಕದ ಸೀಟಿನಲ್ಲಿ ಇರಲಿ, ಓಡಿಸುವವರ ಕಿವಿ ರಸ್ತೆಗೆ ಬೇಕು.

ಯಾವ ಪೆಟ್ರೋಲ್ ಹಾಕಿಸಬೇಕು? ಮ್ಯಾಪ್ "91 ಆಕ್ಟೇನ್‌ದು" ಎಂದು ಹೇಳಿದ್ದಾರೆ.

ಇಲ್ಲೊಂದು ಗುಂಡಿ ಇದೆ, ತಿಳಿದವರೂ ಬೀಳುತ್ತಾರೆ. ಅಮೆರಿಕದ ಬಂಕಿನ 91 ಮತ್ತು ನಮ್ಮ ಬಂಕಿನ 91 ಒಂದೇ ಅಲ್ಲ. ನಾವು, ಯುರೋಪಿನವರು ಬರೆಯುವುದು ರಿಸರ್ಚ್ ಆಕ್ಟೇನ್. ಅಮೆರಿಕದವರು ರಿಸರ್ಚ್ ಮತ್ತು ಮೋಟರ್ ಎಂಬ ಎರಡು ಅಳತೆಗಳ ಸರಾಸರಿ ಬರೆಯುತ್ತಾರೆ. ಅವರ 91 ನಮ್ಮ ಲೆಕ್ಕದಲ್ಲಿ 95–96. ಅಲ್ಲಿಂದ ತಂದ "91ರ ಮ್ಯಾಪ್" ಹಾಕಿ ಇಲ್ಲಿ 91ರ ಪೆಟ್ರೋಲ್ ತುಂಬಿದರೆ ನಾಲ್ಕೈದು ಆಕ್ಟೇನ್ ಸಾಲದೇ ಬರುತ್ತದೆ. 2020ರಲ್ಲಿ ಬಿಎಸ್6 ಮಾಲಿನ್ಯ ನಿಯಮ ಬಂದಾಗ ಸಾಮಾನ್ಯ ಪೆಟ್ರೋಲ್‌ಗೆ ಕನಿಷ್ಠ 91, ಪ್ರೀಮಿಯಂಗೆ 95 ಎಂಬುದು ನಮ್ಮ ಗೆರೆಯಾಗಿತ್ತು. ಯುರೋಪಿನವರ ಜೋರು ಮ್ಯಾಪ್‌ಗಳು ಹಲವು ಬಾರಿ 98ಕ್ಕೆ ಬರೆದವು. ಮ್ಯಾಪ್ ಕೊಳ್ಳುವಾಗ "ಯಾವ ಅಳತೆಯ ಆಕ್ಟೇನ್, ಎಷ್ಟು ಎಥನಾಲ್?" ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಇ20 ಬಂದ ಮೇಲೆ ನಾಕಿಂಗ್ ಹೆಚ್ಚಾಯಿತೇ?

ಇ20ರ (ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್) ಉದ್ಘಾಟನೆ ಆದದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಅಂದಿನಿಂದ ಗಾಡಿಯ ಎಲ್ಲ ಕಾಯಿಲೆಗೂ ಅದೇ ಕಾರಣ ಎನ್ನುವುದು ರೂಢಿಯಾಗಿದೆ. ನಾಕಿಂಗ್ ವಿಷಯದಲ್ಲಿ ಅದು ತಲೆಕೆಳಗಾದ ಮಾತು. ಎಥನಾಲ್ ಆಕ್ಟೇನ್ ಏರಿಸುತ್ತದೆ, ಆವಿಯಾಗುವಾಗ ಮಿಶ್ರಣವನ್ನು ತಂಪು ಮಾಡುತ್ತದೆ, ಎರಡೂ ನಾಕಿಂಗ್‌ಗೆ ವಿರುದ್ಧ.

ಆದರೆ ಎಥನಾಲ್ ಬೆರೆತಷ್ಟೂ ಇಂಧನ ಹೆಚ್ಚು ಬೇಕು. ಶುದ್ಧ ಪೆಟ್ರೋಲಿನ ಒಂದು ಪಾಲು ಉರಿಯಲು 14.7 ಪಾಲು ಗಾಳಿಯಾದರೆ, ಇ20ಕ್ಕೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ನೂರಕ್ಕೆ ಎಂಟು ಒಂಬತ್ತರಷ್ಟು ಹೆಚ್ಚು ಇಂಧನ. ಮೂಲ ಸ್ಥಿತಿಯ ಗಾಡಿ ಇದನ್ನು ಫ್ಯೂಯಲ್ ಟ್ರಿಮ್‌ನಲ್ಲಿ (ಇಸಿಯು ತಾನೇ ಮಾಡುವ ಇಂಧನದ ತಿದ್ದುಪಡಿ) ಸರಿದೂಗಿಸಿಕೊಳ್ಳುತ್ತದೆ. ಇಂಜೆಕ್ಟರ್ ಮತ್ತು ಪಂಪು ಮೊದಲೇ ಮಿತಿಗೆ ಮುಟ್ಟಿರುವ ರೀಮ್ಯಾಪ್ ಗಾಡಿಗೆ ಜಾಗವಿರುವುದಿಲ್ಲ. ಪೂರ್ತಿ ಒತ್ತಿದಾಗ ಮಿಶ್ರಣ ತೆಳುವಾಗಿ ಶಾಖ ಏರುತ್ತದೆ, ಆಗ ನಾಕ್ ಬರುತ್ತದೆ. ಹಾಗಾಗಿ ಇ20ರ ಅನುಮಾನವಿದ್ದರೆ ರೈಲ್ ಒತ್ತಡದ ಸಾಲು ಮೊದಲು ನೋಡಿ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ವಿಷಯ ಬೇರೆ. ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ನೀರಿನ ಜೊತೆ ಕೂಡಿ ತಳಕ್ಕಿಳಿಯುತ್ತದೆ, ಮೇಲುಳಿದ ಪೆಟ್ರೋಲಿನ ಆಕ್ಟೇನ್ ಬೀಳುತ್ತದೆ.

ಬೆಂಗಳೂರಿನಲ್ಲಿ ಸರಿ ಇತ್ತು, ಮಂಗಳೂರಿನಲ್ಲಿ ನಾಕ್ ಆಗುತ್ತಿದೆ. ಏಕೆ?

ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್. ಕಡಲ ತೀರದಲ್ಲಿ 1.01. ಹಳೆಯ ಮಾದರಿಯ ಸ್ಪ್ರಿಂಗ್ ವೇಸ್ಟ್‌ಗೇಟ್ ಇದ್ದು, ಕೈಯಿಂದ ತಿರುಗಿಸುವ ಬೂಸ್ಟ್ ಕಂಟ್ರೋಲರ್ ಹಾಕಿಸಿದ್ದರೆ, ಅದು ಹೊರಗಿನ ಗಾಳಿಗಿಂತ ಇಷ್ಟು ಮೇಲೆ ಎಂದೇ ಅಳೆಯುತ್ತದೆ. 0.8 ಬಾರ್‌ಗೆ ಕಟ್ಟಿದ್ದರೆ ಬೆಂಗಳೂರಿನಲ್ಲಿ ಒಟ್ಟು 1.71, ಮಂಗಳೂರಿನಲ್ಲಿ 1.81. ಮೀಟರಿನ ಮುಳ್ಳು ಎರಡೂ ಕಡೆ ಅದೇ 0.8 ತೋರಿಸುತ್ತದೆ, ಸಿಲಿಂಡರಿಗೆ ಮಾತ್ರ ನೂರಕ್ಕೆ ಆರರಷ್ಟು ಹೆಚ್ಚು ಗಾಳಿ ಹೋಗುತ್ತದೆ. ಇಸಿಯುವೇ ಒಟ್ಟು ಒತ್ತಡ ಅಳೆದು ನಡೆಸುವ ಗಾಡಿಗಳಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಬಿಸಿಯನ್ನು ಅನುಮಾನಿಸಿ.

ಗಾಳಿಯ ಬಿಸಿ ಎಷ್ಟಿರಬೇಕು? ದೊಡ್ಡ ಇಂಟರ್‌ಕೂಲರ್ (ಟರ್ಬೊ ಕಳಿಸಿದ ಗಾಳಿಯನ್ನು ತಂಪು ಮಾಡುವ ಭಾಗ) ಹಾಕಿಸಲೇ?

ಓಡುವಾಗ ಹೊರಗಿನ ಬಿಸಿಗಿಂತ 15–20 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ನನಗೆ ಒಪ್ಪಿಗೆ. 60 ದಾಟಿ ಇಳಿಯದೇ ಕುಳಿತರೆ ಒಪ್ಪಿಗೆಯಿಲ್ಲ. ಕೊಳ್ಳುವ ಮೊದಲು ಇರುವುದು ಕೆಲಸ ಮಾಡುತ್ತಿದೆಯೇ ನೋಡಿ. ನನ್ನ ಎಂಜಿನ್‌ನಂಥವುಗಳಲ್ಲಿ ಇಂಟರ್‌ಕೂಲರ್ ಮ್ಯಾನಿಫೋಲ್ಡಿನ ಒಳಗೇ ಇದೆ, ನೀರಿನಿಂದ ತಂಪಾಗುತ್ತದೆ. ಆ ನೀರಿಗೆ ಪುಟ್ಟದೊಂದು ವಿದ್ಯುತ್ ಪಂಪಿದೆ. ಅದು ಸತ್ತರೆ ಎಚ್ಚರಿಕೆ ದೀಪವೂ ಹತ್ತದೇ ಇರಬಹುದು, ಗಾಳಿ ಮಾತ್ರ ಕುದಿಯುತ್ತದೆ. ಪರಿಚಯದವರೊಬ್ಬರು ಮೂರು ಬಾರಿ ಮ್ಯಾಪ್ ತಿದ್ದಿಸಿದ ಮೇಲೆ ಸಿಕ್ಕ ಕಾರಣ ಈ ಪಂಪಿನ ಸಡಿಲ ಕನೆಕ್ಟರ್.

ತೆರೆದ ಫಿಲ್ಟರ್ ಹಾಕಿಸಿಕೊಂಡವರಿಗೆ ಒಂದು ಮಾತು: ಬೋನೆಟ್ ಒಳಗಿನ ಬಿಸಿ ಗಾಳಿಯನ್ನು ಸದ್ದು ಮಾಡುತ್ತಾ ಎಳೆದುಕೊಳ್ಳುವುದಕ್ಕೆ ನೀವು ದುಡ್ಡು ಕೊಟ್ಟಿದ್ದೀರಿ.

ಪ್ಲಗ್ ನೋಡಿ ಹೇಳಲು ಬರುತ್ತದೆಯೇ?

ಬರುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಬಿಳಿ ಪಿಂಗಾಣಿಯನ್ನು ಬಿಸಿಲಿನಲ್ಲಿ ನೋಡಿ. ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ನಾಕಿಂಗ್‌ನ ಮೊದಲ ಗುರುತು. ಬೆಳ್ಳಿಯಂತೆ ಹೊಳೆಯುವ ಸಣ್ಣ ಗುಂಡುಗಳು ಕಂಡರೆ ಅದು ಪಿಸ್ಟನ್‌ನ ಅಲ್ಯುಮಿನಿಯಂ, ಗಾಡಿಯನ್ನು ಅಲ್ಲಿಯೇ ಬಿಡಿ. ಪಿಂಗಾಣಿ ಬಿರುಕು ಬಿಟ್ಟಿದ್ದರೆ, ಗ್ರೌಂಡ್ ಎಲೆಕ್ಟ್ರೋಡ್ (ಪ್ಲಗ್ ತುದಿಯ ಬಾಗಿದ ಕೊಂಡಿ) ತುದಿ ಕರಗಿದ್ದರೆ ಕೂಡ ಅಷ್ಟೇ.

ಬೂಸ್ಟ್ ಏರಿಸಿದ ಗಾಡಿಗೆ ಒಂದು ಮೆಟ್ಟಿಲು ತಣ್ಣಗಿನ ಪ್ಲಗ್ ಹಾಕುವುದು ವಾಡಿಕೆ. ಎನ್‌ಜಿಕೆಯಲ್ಲಿ ಸಂಖ್ಯೆ ಏರಿದಷ್ಟೂ ತಣ್ಣಗೆ, ಬಾಷ್‌ನಲ್ಲಿ ಸಂಖ್ಯೆ ಇಳಿದಷ್ಟೂ ತಣ್ಣಗೆ. ಇದನ್ನು ಮರೆತು ಬಿಸಿ ಪ್ಲಗ್ ಹಾಕಿ ನಾಕಿಂಗ್ ಹೆಚ್ಚಿಸಿಕೊಂಡವರಿದ್ದಾರೆ.

ಕಡಿಮೆ ಆರ್‌ಪಿಎಂನಲ್ಲಿ ಒಂದೇ ಒಂದು ಜೋರಾದ "ಟಕ್" ಕೇಳಿತು. ಅದೂ ನಾಕಿಂಗೇ?

ಅದು ನಾಕಿಂಗ್‌ನ ಕ್ರೂರ ದಾಯಾದಿ. 1,500ರಿಂದ 2,500 ಸುತ್ತಿನಲ್ಲಿ ದೊಡ್ಡ ಗೇರಿನಲ್ಲಿ ಪೂರ್ತಿ ಒತ್ತಿದಾಗ, ಸಿಲಿಂಡರ್ ಗೋಡೆಯ ಆಯಿಲ್ ಹನಿಯೋ ಕಾರ್ಬನ್ ಚೂರೋ ಪ್ಲಗ್ ಕಿಡಿಗಿಂತ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಕಿಡಿಗೆ ಮೊದಲೇ ಬೆಂಕಿ ಬಿದ್ದಿರುವುದರಿಂದ ಟೈಮಿಂಗ್ ಹಿಂದಕ್ಕೆಳೆದು ಇಸಿಯು ಏನೂ ಮಾಡಲಾರದು. ರಿಂಗಿನ ದಂಡೆ ಮುರಿಯಲು ಇಂಥ ಒಂದೆರಡು ಪೆಟ್ಟು ಸಾಕು. ಘಾಟಿಯಲ್ಲಿ ಲಾರಿಯ ಹಿಂದೆ ಏಳನೇ ಗೇರಿನಲ್ಲಿ ತೆವಳುತ್ತಾ ಬಂದು ಒಮ್ಮೆಲೇ ಒತ್ತುವುದು ಇದಕ್ಕೆ ಆಹ್ವಾನ ಪತ್ರಿಕೆ. ಮೊದಲು ಗೇರ್ ಇಳಿಸಿ, ಆಮೇಲೆ ಒತ್ತಿ. ಆಯಿಲ್ ಕೂಡ ಮುಖ್ಯ: ಕ್ಯಾಲ್ಸಿಯಂ ಹೆಚ್ಚಿರುವ ಡಿಟರ್ಜೆಂಟ್ ಇದನ್ನು ಪ್ರಚೋದಿಸುತ್ತದೆ ಎಂದು ತಿಳಿದ ಮೇಲೆ 2018ರಲ್ಲಿ ಅಮೆರಿಕದ ಎಪಿಐ ಸಂಸ್ಥೆಯ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆಗಳು ಬಂದವು. ಕಂಪನಿ ಹೇಳಿದ ಅನುಮೋದನೆಯ ಜೊತೆಗೆ ಡಬ್ಬಿಯ ಮೇಲೆ ಎಸ್‌ಪಿ ಇದೆಯೇ ನೋಡಿ.

ಇಸಿಯು ಟೈಮಿಂಗ್ ಎಳೆದು ಎಂಜಿನ್ ಕಾಪಾಡುತ್ತದಲ್ಲ, ನಾನೇಕೆ ತಲೆ ಕೆಡಿಸಿಕೊಳ್ಳಬೇಕು?

ನಾಕ್ ಆದ ಮೇಲೆಯೇ ಅದಕ್ಕೆ ತಿಳಿಯುವುದು. ಪ್ರತಿ ಬಾರಿಯೂ ಮೊದಲ ಪೆಟ್ಟು ಪಿಸ್ಟನ್‌ಗೆ ಬಿದ್ದಿರುತ್ತದೆ. ತಡವಾಗಿ ಉರಿದ ಮಿಶ್ರಣದ ಶಾಖ ಎಗ್ಸಾಸ್ಟ್ ಕಡೆ ಹೋಗಿ ಟರ್ಬೊವನ್ನೂ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕಾಯಿಸುತ್ತದೆ. ಮಾಪನದಲ್ಲಿ ಹೆಚ್ಚಿನ ಶಕ್ತಿ ಕೊಡಲು ಬರೆದ ಮ್ಯಾಪ್ ಸದಾ ಹಿಂಜರಿಯುತ್ತಿದ್ದರೆ, ಸೌಮ್ಯ ಮ್ಯಾಪ್‌ಗಿಂತ ನಿಧಾನವಾಗಿಯೂ ಇರುತ್ತದೆ.

"ಸೆನ್ಸರ್ ಅತಿ ಸೂಕ್ಷ್ಮ, ಅದರ ಮಿತಿ ಏರಿಸಿಬಿಡೋಣ" ಎನ್ನುತ್ತಾನೆ ಟ್ಯೂನರ್. ಒಪ್ಪಲೇ?

ಮೇಲೆ ಹೇಳಿದ ಆಕ್ಟೇನ್ ಪರೀಕ್ಷೆಯಿಂದ ಸದ್ದು ಸುಳ್ಳೆಂದು ಸಾಬೀತಾಗುವವರೆಗೆ ಒಪ್ಪಬೇಡಿ. ಫೋರ್ಜ್ಡ್ ಪಿಸ್ಟನ್ ಹಾಕಿದ ಎಂಜಿನ್‌ನಲ್ಲಿ ಮಿತಿ ಹೊಂದಿಸುವುದು ನ್ಯಾಯವಾದ ಕೆಲಸ. ಲಾಗ್ ಚೆನ್ನಾಗಿ ಕಾಣಲೆಂದು ಏರಿಸುವುದು ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಆಕ್ಟೇನ್ ಏರಿಸಲು ಟ್ಯಾಂಕಿಗೆ ಬೂಸ್ಟರ್ ಬಾಟಲಿ, ನುಸಿ ಗುಳಿಗೆ ಹಾಕಲೇ?

ಬಾಟಲಿಯ ಮೇಲೆ "10 ಪಾಯಿಂಟ್" ಎಂದಿದ್ದರೆ ಅದು ಬಹುತೇಕ 1.0 ಆಕ್ಟೇನ್, ಹತ್ತು ಪಾಯಿಂಟ್ ಅವರ ಭಾಷೆಯಲ್ಲಿ ಒಂದು. ಅಷ್ಟಕ್ಕೆ ಬಂಕಿನ ಪ್ರೀಮಿಯಂ ಅಗ್ಗ. ನುಸಿ ಗುಳಿಗೆ ಬಟ್ಟೆ ಪೆಟ್ಟಿಗೆಗೆ.

ವಾರಂಟಿ, ಕಾನೂನು?

ರೀಮ್ಯಾಪ್ ಗಾಡಿಯ ಎಂಜಿನ್‌ಗೆ ವಾರಂಟಿ ಕೇಳುವ ಧೈರ್ಯ ಬೇಡ. ತಯಾರಕರ ವಿವರಕ್ಕಿಂತ ಗಾಡಿ ಬೇರೆಯಾಗುವಂತೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ ಎಂಬುದೂ ತಿಳಿದಿರಲಿ.

ಕಾರಣ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮೂಲ ಮ್ಯಾಪ್ ಮರಳಿ ಹಾಕಿಸಿ ಲಾಗ್ ತೆಗೆಯಿರಿ. ಮೂಲ ಮ್ಯಾಪ್‌ನಲ್ಲೂ ಹಿಂಜರಿಕೆ ಇದ್ದರೆ ರೀಮ್ಯಾಪ್ ನಿರಪರಾಧಿ, ಎಂಜಿನ್‌ನಲ್ಲೇ ಏನೋ ಇದೆ. ಆಗ ಕಂಪ್ರೆಷನ್ ಅಳೆಸಿ. ಸಿಲಿಂಡರುಗಳ ನಡುವೆ 3 ಬಾರ್‌ಗಿಂತ ಹೆಚ್ಚು ಅಂತರ ಬಂದರೆ ಲೀಕ್ ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆಂದು ನೋಡುವುದು) ಮಾಡಿಸಿ. ಗಾಳಿ ಆಯಿಲ್ ಮುಚ್ಚಳದಿಂದ ಬಂದರೆ ರಿಂಗ್, ಸೈಲೆನ್ಸರಿನಿಂದ ಬಂದರೆ ಎಗ್ಸಾಸ್ಟ್ ಕವಾಟ. ಪ್ಲಗ್ ರಂಧ್ರದಿಂದ ಬೋರ್‌ಸ್ಕೋಪ್ ಇಳಿಸಿ ಪಿಸ್ಟನ್‌ನ ಅಂಚು ನೋಡಿಸಿ. ಇನ್‌ಟೇಕ್ ಕವಾಟದ ಮೇಲೆ ಕಾರ್ಬನ್ ಕೂತಿದ್ದರೆ ತೆಗೆಸಿ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಆ ಕವಾಟವನ್ನು ತೊಳೆಯುವುದೇ ಇಲ್ಲ, ಬ್ರೀದರ್‌ನಿಂದ ಬಂದ ಆಯಿಲ್ ಆವಿ ಅಲ್ಲಿ ಸುಟ್ಟು ಹೆಪ್ಪುಗಟ್ಟುತ್ತದೆ.

ಮೂಲ ಮ್ಯಾಪ್‌ನಲ್ಲಿ ಸ್ವಚ್ಛವಾಗಿದ್ದರೆ ಮಾರ್ಪಾಡುಗಳನ್ನು ಒಂದೊಂದಾಗಿ ಮರಳಿ ಹಾಕುತ್ತಾ ಬನ್ನಿ, ಪ್ರತಿ ಮೆಟ್ಟಿಲಿಗೂ ಒಂದು ಲಾಗ್. ಒಂದೇ ಶನಿವಾರ ಇಂಟೇಕ್, ಡೌನ್‌ಪೈಪ್, ಪ್ಲಗ್, ಮ್ಯಾಪ್ ನಾಲ್ಕನ್ನೂ ಬದಲಿಸಿದವರಿಗೆ ಈ ಕೆಲಸಕ್ಕೆ ನಾಲ್ಕು ಶನಿವಾರ ಬೇಕಾಗುತ್ತದೆ.

ಗ್ಯಾರೇಜಿಗೆ ಹೋಗುವಾಗ ಏನು ತೆಗೆದುಕೊಂಡು ಹೋಗಲಿ?

ಲಾಗ್‌ಗಳನ್ನು ಪೆನ್‌ಡ್ರೈವ್‌ನಲ್ಲಿ, ಜೊತೆಗೆ ಅರ್ಧ ಹಾಳೆ: ಯಾವ ಬಂಕಿನ ಯಾವ ಪೆಟ್ರೋಲ್, ಹೊರಗಿನ ಬಿಸಿ ಎಷ್ಟಿತ್ತು, ಯಾವ ಗೇರ್, ಯಾವ ಆರ್‌ಪಿಎಂ, ಕಾಲು ಒತ್ತಿದಾಗಲೇ ಎತ್ತಿದಾಗಲೇ, ಆಯಿಲ್ ಬದಲಿಸಿ ಎಷ್ಟು ಕಿಲೋಮೀಟರ್ ಆಯಿತು. ಹಳೆಯ ಪ್ಲಗ್‌ಗಳನ್ನು ಎಸೆಯಬೇಡಿ. ಯಾವುದು ಯಾವ ಸಿಲಿಂಡರಿನದೆಂದು ಸ್ಕೆಚ್ ಪೆನ್ನಿನಲ್ಲಿ ಬರೆದು, ಮೊಟ್ಟೆಯ ಟ್ರೇ ತುಂಡಿನಲ್ಲಿ ಸಾಲಾಗಿ ಇಟ್ಟು ಕೊಂಡೊಯ್ಯಿರಿ.